‘ವಾದಿಸಬಹುದು’

ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುವಾಗ ಒಂದು ಹೊಸ ಮಾತು ನನ್ನ ಕಣ್ಣಿಗೆ ಬೀಳುತ್ತಿದೆ. “ಅಶೋಕನ ಶಾಸನಗಳಲ್ಲೆಲ್ಲ ಮಸ್ಕಿಯದೇ ಶ್ರೇಷ್ಠವೆಂದು ವಾದಿಸಬಹುದು” ಎಂದು ಸಿಂಧನೂರಿನ ಹುಡುಗನೊಬ್ಬ ಬರೆದಿದ್ದ. ವಾದಿಸಬಹುದು, ಸರಿ, ವಾದಿಸುವವರು ಯಾರಪ್ಪಾ ಎಂದು ಕೇಳಿದೆ. “ಇಂಗ್ಲಿಷಿನ್ಯಾಗ ‘ಆರ್ಗ್ಯುಯಬ್ಲಿ’ ಅಂತಾರಲ್ರೀ ಸರ, ಅದನ್ನ ಕನ್ನಡಕ್ಕ ತಂದೀನ್ರಿ” ಎಂದ.

ಆ ಕ್ರಿಯಾವಿಶೇಷಣದ ಸ್ವಭಾವವೇ ವಿಚಿತ್ರ. ಈ ಮಾತಿಗೆ ಆಧಾರ ಕೊಡಬಹುದು ಎನ್ನುತ್ತದೆಯೇ ಹೊರತು ಆಧಾರವನ್ನು ಕೊಡುವುದಿಲ್ಲ. ಸಾಲ ತೀರಿಸಬಲ್ಲೆನೆಂದು ಹೇಳಿ ಎದ್ದುಹೋಗುವವನ ಹಾಗೆ. ನಮ್ಮ ‘ಬಹುಶಃ’ಕ್ಕೆ ಅಷ್ಟು ಜಾಣತನವಿಲ್ಲ. ಪೂರ್ತಿ ಗೊತ್ತಿಲ್ಲವೆಂದು ಅದು ಒಪ್ಪಿಕೊಂಡುಬಿಡುತ್ತದೆ. ‘ಅಂತೆ’ ಎಂದರೆ ಕೇಳಿದ್ದು. ‘ಇರಬಹುದು’ ಎಂದರೆ ಊಹಿಸಿದ್ದು. ‘ನನಗನ್ನಿಸುತ್ತದೆ’ ಎಂದರೆ ಹೊಣೆ ನನ್ನದು. ಹಳ್ಳಿಯ ಅಜ್ಜಿಗೂ ಈ ಭೇದ ಗೊತ್ತು. ಮಳೆಯಲ್ಲಿ ತೋಯ್ದಿದ್ದರೆ ‘ಬಂತು’ ಎನ್ನುತ್ತಾಳೆ, ತೋಯದಿದ್ದರೆ ‘ಬಂತಂತೆ’ ಎನ್ನುತ್ತಾಳೆ.

ಹುಡುಗ ಮಸ್ಕಿಯನ್ನೇ ಎತ್ತಿಕೊಂಡದ್ದು ಒಳ್ಳೆಯದಾಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ, ಶಾಸನಗಳಲ್ಲಿ ಮಾತಾಡುವ ‘ದೇವಾನಾಂಪಿಯ ಪಿಯದಸಿ’ ಯಾರೆಂಬ ಪ್ರಶ್ನೆ ಎದ್ದಿತು. ಸಿಂಹಳದ ಅರಸನಿರಬೇಕೆಂದು ಅವನು ಮೊದಲು ಬಗೆದ. ಅದೇ ವರ್ಷ ಜಾರ್ಜ್ ಟರ್ನೂರ್ ‘ದೀಪವಂಸ’ವೆಂಬ ಪಾಳಿ ಗ್ರಂಥದ ಆಧಾರದಿಂದ, ಇವನು ಮೌರ್ಯ ಅಶೋಕನೇ ಎಂದು ತೋರಿಸಿದ. ಇಬ್ಬರೂ ವಾದಿಸಬಹುದು ಎನ್ನಲಿಲ್ಲ, ವಾದಿಸಿದರು. ಆಧಾರವನ್ನು ಎದುರಿಗಿಟ್ಟಿದ್ದರಿಂದಲೇ ಒಬ್ಬನ ತಪ್ಪನ್ನು ಇನ್ನೊಬ್ಬ ತಿದ್ದುವುದು ಸಾಧ್ಯವಾಯಿತು. ಆದರೂ ಆಗ ತಿಳಿದಿದ್ದ ಯಾವ ಧರ್ಮಲಿಪಿಯಲ್ಲಿಯೂ ಅಶೋಕನೆಂಬ ಹೆಸರಿರಲಿಲ್ಲ. 1915ರಲ್ಲಿ ಸಿಂಧನೂರು–ಲಿಂಗಸುಗೂರು ದಾರಿಯ ನಡುವಿನ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರಿಗೆ ಬಂಡೆಯೊಂದು ಸಿಕ್ಕಿತು. ಬಿರುದಿನ ಪಕ್ಕದಲ್ಲಿಯೇ ಹೆಸರು! ಮುಂದೆ ತುಂಗಭದ್ರೆಯ ಆಚೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು.

ಅದೇ ಮಸ್ಕಿಗೆ ಇನ್ನೊಂದು ಸಂದೇಹ ಅಂಟಿಕೊಂಡಿದೆ. 11ನೆಯ ಶತಮಾನದಲ್ಲಿ ರಾಜೇಂದ್ರ ಚೋಳನೂ ಚಾಲುಕ್ಯ ಜಯಸಿಂಹನೂ ಕಾದಾಡಿದ ‘ಮುಸಂಗಿ’ ಇದೇ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಅಲ್ಲವೆನ್ನುವವರೂ ಉಂಟು. ಅಲ್ಲಿ ‘ಬಹುಶಃ’ ಇರಲೇಬೇಕು. ಊರಭಿಮಾನದಿಂದ ಅದನ್ನು ಅಳಿಸುವ ಅಧಿಕಾರ ನಮಗಿಲ್ಲ.

ಹೀಗೆ ಹುಡುಗನಿಗೆ ಉಪದೇಶ ಮಾಡಿದೆನೇನೋ ಹೌದು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳುವುದು ಒಂದು ತಪ್ಪಾದರೆ, ಗೊತ್ತಿದ್ದುದನ್ನು ಸಂದೇಹದಲ್ಲಿ ಮುಚ್ಚಿಡುವುದು ಇನ್ನೊಂದು. ಅದು ನನ್ನದೇ. ಹಿಂದೆ ನಾನಿದ್ದ ಕಾಲೇಜೊಂದರಲ್ಲಿ ಪರೀಕ್ಷೆಯ ಹಣ ಕಳೆಯಿತು; ಜವಾನನ ಮೇಲೆ ಅನುಮಾನ ಬಂತು. ಆ ಮಧ್ಯಾಹ್ನವೆಲ್ಲ ಅವನು ಗ್ರಂಥಾಲಯದಲ್ಲಿ ನನ್ನ ಜೊತೆಗೇ ಹಳೆಯ ಪುಸ್ತಕಗಳ ಕಟ್ಟು ಕಟ್ಟುತ್ತಿದ್ದ. ವಿಚಾರಣೆಯಲ್ಲಿ ನನ್ನನ್ನು ಕೇಳಿದರು. ಎದುರಿಗೆ ಕುಳಿತವರು ದೊಡ್ಡವರು. ಅವರು ಮೊದಲೇ ತೀರ್ಮಾನ ಮಾಡಿಕೊಂಡಿದ್ದರು. “ಬಹುಶಃ ಅವನಿರಲಾರ” ಎಂದೆ. ‘ಬಹುಶಃ’ ಯಾಕೆ ಬಂತು? ನನಗೆ ಸಂದೇಹವೇ ಇರಲಿಲ್ಲ.

ಅವನ ಕೆಲಸ ಹೋಯಿತು. ಆಮೇಲೊಮ್ಮೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ಯಾವುದೋ ಕಿರಾಣಿ ಅಂಗಡಿಯಲ್ಲಿದ್ದೇನೆಂದ. “ಆರಾಮ ಅದೀರೇನ್ರೀ ಸರ?” ಎಂದು ಕೇಳಿ, ನನ್ನ ಚೀಲವನ್ನು ಬಸ್ಸಿಗೆ ಏರಿಸಿಕೊಟ್ಟ. ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.