ಗಾಜಿನ ಕೊಳೆಯೂ ಉಪಕರಣವಿಚಾರವೂ

ಕಿಟಕಿಯ ಗಾಜುಗಳನ್ನು ಒರೆಸುವ ಕಸುಬಿಗೆ ಹೊಸದಾಗಿ ಕೈಹಾಕುವವನು ಮೊಟ್ಟಮೊದಲು ವಿಚಾರಿಸುವುದು ಯಾವ ಸಾಮಾನುಗಳನ್ನು ಕೊಳ್ಳಬೇಕೆಂಬುದನ್ನು. ಅಧ್ಯಾತ್ಮಮಾರ್ಗದಲ್ಲಿ ಹೊಸದಾಗಿ ಹೆಜ್ಜೆಯಿಡುವವನು ಜಪವೋ, ಧ್ಯಾನವೋ, ವ್ರತೋಪವಾಸಗಳೋ ಎಂದು ಕೇಳುವುದೂ ಬಹುಮಟ್ಟಿಗೆ ಅದೇ ಪ್ರಶ್ನೆಯನ್ನೇ. ಇಬ್ಬರ ಕುತೂಹಲವೂ ಸಹಜವಾದುದು. ಆದರೆ ತೊಲಗಬೇಕಾಗಿರುವ ಕೊಳೆ ಯಾವ ಜಾತಿಯದು, ಅದು ನಿಂತಿರುವ ಎಡೆ ಯಾವುದು ಎಂಬುದು ನಿಶ್ಚಯವಾಗದೆ ಇಬ್ಬರಿಗೂ ಸರಿಯಾದ ಉತ್ತರ ದೊರೆಯಲಾರದು.

ನಮ್ಮ ಶಾಸ್ತ್ರಕಾರರಿಗೆ ಈ ವಿಷಯದಲ್ಲಿ ಪ್ರಿಯವಾದ ದೃಷ್ಟಾಂತ ಕನ್ನಡಿಯದು. ಕಾಮವು ಜ್ಞಾನವನ್ನು ಮುಸುಕುವ ಬಗೆಯನ್ನು ಹೇಳುವಾಗ ಗೀತೆಯ ಮೂರನೆಯ ಅಧ್ಯಾಯವು ಕೊಳೆ ಕವಿದ ದರ್ಪಣವನ್ನು ನೆನೆಯುತ್ತದೆ. ಪ್ರಾಚೀನರ ದರ್ಪಣವೆಂಬುದು ಲೋಹದ್ದೆಂಬುದನ್ನು ನಾವು ಮರೆಯಬಾರದು. ಕಂಚು ಕಂದುವುದು ಹೊರಗಿನ ಧೂಳಿನಿಂದ ಮಾತ್ರವಲ್ಲ, ಗಾಳಿಯ ಸಂಪರ್ಕದಲ್ಲಿ ಆ ಲೋಹದ ಮೈಯೇ ಮಾರ್ಪಾಟು ಹೊಂದುವುದರಿಂದ. ಆದುದರಿಂದಲೇ ಅದಕ್ಕೆ ಘರ್ಷಣ ಬೇಕಾಯಿತು, ಉಜ್ಜಿದಷ್ಟೂ ಅದು ಬೆಳಗಿತು. ಗಾಜಿನ ಮಾತು ಬೇರೆ. ಒಣಧೂಳು ಕುಳಿತಿರುವ ಗಾಜನ್ನು ಬಲವಾಗಿ ಉಜ್ಜುವವನು ಕೊಳೆಯನ್ನು ನೀಗುವುದಕ್ಕೆ ಬದಲಾಗಿ ಆ ಧೂಳಿನ ಮರಳುಕಣಗಳಿಂದಲೇ ಗೀರುಗಳನ್ನು ಕೊರೆದಿಡುತ್ತಾನೆ. ಮತ್ತು ಗೀರು ಒಮ್ಮೆ ಬಿದ್ದ ಮೇಲೆ ಅದು ಕೊಳೆಯಂತೆ ಕಂಡರೂ ಕೊಳೆಯಲ್ಲ. ಮಿತಿಮೀರಿದ ದೇಹದಂಡನೆಯಿಂದ ಚಿತ್ತವನ್ನು ತಿದ್ದಹೊರಟು, ಇದ್ದ ದೋಷ ಹೋಗದೆ ಇಲ್ಲದ ದೋಷವೊಂದನ್ನು ಗಳಿಸಿಕೊಂಡ ಸಾಧಕರೂ ಉಂಟು.

ಹಾಗಾದರೆ ಗಾಜಿಗೆ ತಕ್ಕ ಉಪಕರಣಗಳಾವುವು? ಅವು ಬಹಳವೇನೂ ಇಲ್ಲ. ಒಂದು ಬಕೆಟ್ಟು ನೀರು, ಅದರಲ್ಲಿ ಪಾತ್ರೆ ತೊಳೆಯುವ ಸಾಬೂನುದ್ರವದ ಕೆಲವೇ ತೊಟ್ಟು, ಕೊಳೆಯನ್ನು ನೆನೆಸಿ ಸಡಿಲಿಸುವುದಕ್ಕೆ ಉಣ್ಣೆಯಂಥ ಮೆತ್ತನೆಯ ಹೊದಿಕೆಯುಳ್ಳ ಒಂದು ಕೋಲು, ಅಂಚುಗಳಿಗೆ ನೂಲು ಬಿಡದ ಬಟ್ಟೆ, ಇವೆಲ್ಲಕ್ಕಿಂತ ಮುಖ್ಯವಾಗಿ ಸ್ಕ್ವೀಜಿ ಎಂದು ಕಸುಬಿನವರು ಕರೆಯುವ ರಬ್ಬರುಪಟ್ಟಿಯ ಸಾಧನ. ಇದರ ಹಳೆಯ ರೂಪ ಉಕ್ಕಿನದು, ತೂಕದ್ದು. ಅದರಲ್ಲಿ ಎರಡು ರಬ್ಬರುಪಟ್ಟಿಗಳಿದ್ದು, ಅವನ್ನು ಬದಲಾಯಿಸಬೇಕಾದರೆ ಹಲವು ತಿರುಪುಗಳನ್ನು ಕಳಚಬೇಕಾಗುತ್ತಿತ್ತು. ಇಟಲಿಯಿಂದ ಅಮೆರಿಕಕ್ಕೆ ಹೋಗಿ ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡಿನಲ್ಲಿ ತಾನೇ ಕಿಟಕಿ ಒರೆಸಿ ಜೀವಿಸುತ್ತಿದ್ದ ಎತ್ತೋರೆ ಸ್ಟೆಕೋನೆ ಎಂಬಾತ 1936ರಲ್ಲಿ ಹಗುರವಾದ, ಹಿತ್ತಾಳೆಯ, ಒಂದೇ ಪಟ್ಟಿಯ ಸಾಧನಕ್ಕೆ ಪೇಟೆಂಟು ಪಡೆದನು. ಇಂದಿನ ಸ್ಕ್ವೀಜಿಗಳು ಬಹುಪಾಲು ಅದರ ಸಂತತಿಯೇ. ಹೊಸಬನು ಹಿಡಿಯ ಅಂದಕ್ಕೆ ಮರುಳಾಗದೆ ರಬ್ಬರಿನ ಅಂಚಿಗೆ ಲಕ್ಷ್ಯ ಕೊಡತಕ್ಕದ್ದು. ಆ ಅಂಚು ಮೊಂಡಾದರೆ ಅಥವಾ ಅದರಲ್ಲಿ ಕೂದಲೆಳೆಯಷ್ಟು ಕಚ್ಚು ಬಿದ್ದರೆ, ಎಳೆದೆಡೆಯಲ್ಲೆಲ್ಲ ನೀರಿನ ಗೆರೆಯೊಂದು ಉಳಿಯುತ್ತದೆ. ಗಾಜಿನ ಮೇಲಂಚನ್ನು ಒಂದು ಬೆರಳಗಲ ಮೊದಲೇ ಒಣಗಿಸಿಕೊಂಡು ಅಲ್ಲಿಂದ ಎಳೆತವನ್ನು ಆರಂಭಿಸುವುದು, ಪ್ರತಿ ಎಳೆತದ ಬಳಿಕ ರಬ್ಬರನ್ನು ಒರೆಸಿಕೊಳ್ಳುವುದು, ಇವೆರಡೂ ಕೈಗೆ ಬರುವುದಕ್ಕೆ ಕೆಲವು ವಾರಗಳ ತಾಳ್ಮೆ ಬೇಕು.

ಇಲ್ಲಿ ವಿಚಾರಶೀಲನನ್ನು ತಡೆದು ನಿಲ್ಲಿಸುವ ಸಂಗತಿಯೊಂದುಂಟು: ಶುದ್ಧಿಗಾಗಿ ನಾವು ತಂದ ಪ್ರತಿಯೊಂದು ಪದಾರ್ಥವೂ ತನ್ನದೇ ಆದ ಕೊಳೆಯನ್ನು ಬಿಟ್ಟುಹೋಗಬಲ್ಲದು. ಬಟ್ಟೆ ನೂಲನ್ನು ಬಿಡುತ್ತದೆ. ಹೆಚ್ಚಾದ ಸಾಬೂನು ಅಂಟುಪೊರೆಯನ್ನು ಬಿಟ್ಟು ನಾಳೆಯ ಧೂಳನ್ನು ತಾನೇ ಕರೆಯುತ್ತದೆ. ಬೆಂಗಳೂರಿನ ಕೊಳವೆಬಾವಿಯ ಗಡಸುನೀರು ಆರಿದಲ್ಲಿ ಕ್ಯಾಲ್ಸಿಯಮ್ಮು ಮೆಗ್ನೀಸಿಯಮ್ಮುಗಳ ಬಿಳಿಯ ಚುಕ್ಕೆಗಳನ್ನು ಬರೆದಿಡುತ್ತದೆ. ಈ ಕಾರಣದಿಂದಲೇ ಉದ್ದನೆಯ ಕೊಳವೆಕೋಲಿನಿಂದ ತೊಳೆದು ಹಾಗೆಯೇ ಆರಲು ಬಿಡುವ ಪದ್ಧತಿಯವರು ಲವಣಗಳನ್ನೆಲ್ಲ ಸೋಸಿ ತೆಗೆದ ನೀರನ್ನೇ ಬಳಸುತ್ತಾರೆ. ಶಂಕರರದೆಂದು ಸಂಪ್ರದಾಯವು ಹೇಳುವ ಆತ್ಮಬೋಧದಲ್ಲಿ ಇದಕ್ಕೆ ಸಮೀಪವಾದ ಮಾತೊಂದಿದೆ: ಕದಡಿದ ನೀರಿಗೆ ಹಾಕಿದ ಕತಕಬೀಜದ ಪುಡಿಯು ಕಲ್ಮಷವನ್ನು ತಳಕ್ಕಿಳಿಸಿ ತಾನೂ ಇಲ್ಲವಾಗುವಂತೆ, ಜ್ಞಾನವು ಅಜ್ಞಾನವನ್ನು ಕಳೆದು ತಾನೂ ಅಳಿಯುತ್ತದೆಯೆಂದು. ಜಪಮಾಲೆಯ ಹೆಮ್ಮೆಯೂ ಪಾಂಡಿತ್ಯದ ಹೆಮ್ಮೆಯೂ ಹೀಗೆ ಅಳಿಯದೆ ಆರಿ ಉಳಿದ ಸಾಬೂನೇ ಎನ್ನಬೇಕು.

ಕೊಳೆಯ ಸ್ವರೂಪದ ವಿಷಯದಲ್ಲಿ ಕಸುಬಿನವನಿಗೆ ಅತ್ಯಂತ ಹತ್ತಿರದ ಸಿದ್ಧಾಂತ ಜೈನರದೆಂದು ನನಗೆ ತೋರುತ್ತದೆ. ಅವರ ಮತದಲ್ಲಿ ಕರ್ಮವೆಂಬುದು ಬರಿಯ ಸಂಸ್ಕಾರವಲ್ಲ, ಸೂಕ್ಷ್ಮವಾದ ಪುದ್ಗಲ, ಎಂದರೆ ದ್ರವ್ಯವೇ. ಕ್ರೋಧ ಮಾನ ಮಾಯಾ ಲೋಭಗಳೆಂಬ ಕಷಾಯಗಳ ಅಂಟಿನಿಂದ ಅದು ಜೀವಕ್ಕೆ ಹತ್ತಿಕೊಳ್ಳುತ್ತದೆ. ಹೊಸದಾಗಿ ಬಂದು ಸೇರುವುದನ್ನು ತಡೆಯುವುದು ಸಂವರ, ಹತ್ತಿರುವುದನ್ನು ಉದುರಿಸುವುದು ನಿರ್ಜರೆ. ಕೊಳೆ ನಿಜವಾದುದಾದ್ದರಿಂದ ಉಪಕರಣವೂ ನಿಜವಾದುದೇ ಆಗಬೇಕು. ಶ್ರವಣಬೆಳಗೊಳದ ಬೆಟ್ಟಗಳಲ್ಲಿ ಶತಮಾನಗಳ ಕಾಲ ನಡೆದ ತಪಸ್ಸಿನ ಹಿಂದೆ ಇರುವ ತರ್ಕವಿದು.

ಅದ್ವೈತಿಯು ಇದನ್ನೊಪ್ಪನು. ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಶಂಕರರು ಪೂರ್ವಪಕ್ಷಿಯ ಬಾಯಿಂದ ಈ ಕನ್ನಡಿಯ ದೃಷ್ಟಾಂತವನ್ನೇ ಆಡಿಸುತ್ತಾರೆ: ಉಜ್ಜುವುದರಿಂದ ಕನ್ನಡಿಯ ಹೊಳಪು ವ್ಯಕ್ತವಾಗುವಂತೆ ಮೋಕ್ಷವೂ ಕ್ರಿಯೆಯಿಂದ ವ್ಯಕ್ತವಾಗಬಾರದೇಕೆ? ಆಗದು, ಆತ್ಮನು ಯಾವ ಕ್ರಿಯೆಗೂ ಆಶ್ರಯನಾಗತಕ್ಕವನಲ್ಲ ಎಂಬುದು ಅವರ ಉತ್ತರ. ಮೊದಲ ಓದಿಗೆ ಒಣತರ್ಕದಂತೆ ತೋರುವ ಈ ಮಾತು ಗಾಜು ಒರೆಸಿದವನಿಗೆ ಬೇಗ ತಿಳಿದೀತು. ಕಲೆಯೊಂದನ್ನು ಎಷ್ಟು ತಿಕ್ಕಿದರೂ ಹೋಗದಿದ್ದಾಗ, ಕೈಸೋತು ಕೊನೆಗೆ ಬಗ್ಗಿ ಓರೆಯಾಗಿ ನೋಡಿದರೆ, ಅದಿರುವುದು ಗಾಜಿನ ಆಚೆಯ ಮೈಯಲ್ಲಿ! ದಾಸವಾಳವನ್ನು ಬಳಿಯಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಂಡರೆ ಸ್ಫಟಿಕವನ್ನು ತೊಳೆದು ಫಲವೇನು? ಅಲ್ಲಿ ಬೇಕಾದುದು ಹೆಚ್ಚಿನ ತಿಕ್ಕಾಟವಲ್ಲ, ಹೊಸ ರಬ್ಬರೂ ಅಲ್ಲ, ಎಲ್ಲಿದೆಯೆಂಬ ಅರಿವು. ಉಪಕರಣದ ಆಯ್ಕೆಯಲ್ಲಿ ಎಚ್ಚರಿಕೆಯಿಲ್ಲದವನು ಕೆಡಿಸುವುದು ಒಂದು ಗಾಜನ್ನಾದರೆ, ಕೊಳೆಯ ಎಡೆಯನ್ನರಿಯದವನು ಕಳೆಯುವುದು ಒಂದು ಆಯುಸ್ಸನ್ನು ಎಂದು ಅದ್ವೈತಿ ಹೇಳಿಯಾನು. ನನ್ನ ಮನಸ್ಸೂ ಈ ಪಕ್ಷಕ್ಕೇ ವಾಲುತ್ತದೆ.

ಆದರೂ ಒಂದು ತೊಡಕು ಉಳಿಯುತ್ತದೆ. ಕಲೆ ಆಚೆಯ ಮೈಯಲ್ಲಿದೆಯೆಂದು ಒಳಗೆ ಕುಳಿತವನು ಅರಿತುಕೊಂಡ ಮಾತ್ರಕ್ಕೆ ಅವನ ಭ್ರಾಂತಿ ಹೋಗಬಹುದು, ಕಲೆ ಹೋಗುವುದಿಲ್ಲ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಮೈಯೆಲ್ಲ ಗಾಜಾಗಿ ನಿಂತಿರುವ ಬಹುಮಹಡಿಯ ಕಚೇರಿಗಳಲ್ಲಿ ಆ ಆಚೆಯ ಮೈಯನ್ನು ತೊಳೆಯುವುದಕ್ಕೆ ಯಾರೋ ಒಬ್ಬನು ಹಗ್ಗದಲ್ಲಿ ತೂಗಾಡಲೇಬೇಕು. ಮಡಿವಾಳ ಮಾಚಯ್ಯನ ಬಟ್ಟೆ ಒಗೆತವನ್ನು ಕಾಯಕವೆಂದು ಗೌರವಿಸಿದ ನಾಡಿನಲ್ಲಿ ಆ ಒಬ್ಬನನ್ನು ವೇದಾಂತವಿಚಾರದಿಂದ ಹೊರಗಿಡುವುದು ಸಲ್ಲದು. ಗೀತೆಯ ಹದಿನೆಂಟನೆಯ ಅಧ್ಯಾಯವು ಕರ್ಮಕ್ಕೆ ಐದು ಕಾರಣಗಳನ್ನು ಎಣಿಸುವಾಗ ನಾನಾವಿಧವಾದ ಕರಣಗಳನ್ನು ಮೂರನೆಯದಾಗಿ ಹೇಳಿ, ಅಧಿಷ್ಠಾನವನ್ನು ಮೊದಲಿಗಿಡುತ್ತದೆ. ಅಧಿಷ್ಠಾನವೆಂದರೆ ಶರೀರವೆಂದು ಶಂಕರಭಾಷ್ಯವೇ ಅರ್ಥ ಹೇಳುತ್ತದೆ. ಆದುದರಿಂದ ಹೊಸಬನಿಗೆ ನಾನು ಹೇಳುವುದಾದರೆ, ಮೊದಲ ಕೆಲವು ತಿಂಗಳು ನೆಲದ ಮೇಲೆ ನಿಂತು ಕೈಗೆಟಕುವ ಅಂಗಡಿಗಳ ಗಾಜುಗಳನ್ನೇ ಒರೆಸಬೇಕು. ಮೇಲೇರುವ ದಿನ ಬಂದಾಗ, ತಕ್ಕ ಶಿಕ್ಷಣವನ್ನು ಪಡೆದ ಮೇಲೆ, ಕೆಲಸದ ಹಗ್ಗವೊಂದು, ಅದು ಕೈಕೊಟ್ಟರೆ ತಡೆದು ಹಿಡಿಯುವ ಎರಡನೆಯ ಹಗ್ಗವೊಂದು, ಎರಡನ್ನೂ ಬೇರೆ ಬೇರೆ ಆಧಾರಗಳಿಗೆ ಬಿಗಿಸಿರುವುದನ್ನು ತಾನೇ ನೋಡಿಕೊಂಡಲ್ಲದೆ ಇಳಿಯಬಾರದು. ಗುತ್ತಿಗೆದಾರನು ಒಂದೇ ಹಗ್ಗ ಸಾಕೆಂದರೆ ಆ ಕೆಲಸವನ್ನು ಬಿಟ್ಟು ಬರಬೇಕು.