ಅರಸನ ಪಂಕ್ತಿಯಲ್ಲಿ ಮೆಫೀಬೋಶೆತನು

(೨ ಸಮುವೇಲ, ೯ನೆಯ ಅಧ್ಯಾಯ)



ಯೋನಾತಾನನ ಮಗನಾದ ಮೆಫೀಬೋಶೆತನು ಐದು ವರುಷದವನಾಗಿದ್ದಾಗ, ದುರ್ವಾರ್ತೆಗೆ ಬೆದರಿ ಓಡಿದ ದಾದಿಯ ಕೈಯಿಂದ ಬಿದ್ದು ಕುಂಟನಾದನು. ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಆದರೂ ದಾವೀದನು ಅವನನ್ನು ಕರೇಕಳುಹಿಸಿದಾಗ ಅವನು ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಂಡನು. ಕಾಲಿನ ಊನಕ್ಕಿಂತ ಮನಸ್ಸಿನ ಈ ಕುಗ್ಗು ದೊಡ್ಡದು. ಅರಸನಾದರೋ ಅವನನ್ನು ಬಾಗಲಲ್ಲಿ ನಿಲ್ಲಿಸಿ ಭಿಕ್ಷೆ ಹಾಕಲಿಲ್ಲ. ತನ್ನ ಮಕ್ಕಳ ಸಂಗಡ ಪಂಕ್ತಿಯಲ್ಲಿ ಕುಳ್ಳಿರಿಸಿದನು.

ಈಗ ನಮ್ಮ ಸೊನ್ನದ ಸಂಗತಿಯನ್ನು ನೋಡೋಣ. ಒಂದು ಮನೆಯಲ್ಲಿ ನಾವು ಪ್ರಾರ್ಥನೆ ಮುಗಿಸಿ ಏಳುವಾಗ ಒಳಕೋಣೆಯಿಂದ ಮಗುವಿನ ದನಿ ಕೇಳಿಸಿತು. ತಾಯಿಯು ತಲೆ ತಗ್ಗಿಸಿ, "ಅಯ್ಯನವರೇ, ಅದಕ್ಕ ಮಾತು ಬರೂದಿಲ್ಲ, ಮಂದಿ ಬಂದಾಗ ಒಳಗ ಕೂಡ್ರಸ್ತೀವಿ" ಅಂದಳು. ನಾವು ಆ ಮಗುವಿನ ಹೆಸರನ್ನು ಸಹ ಕೇಳದೆ ಹೊರಟುಬಂದೆವು. ಆ ಪಾಪವು ನಮ್ಮದು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಯಾರ ಪಾಪವೆಂದು ವಿಚಾರಿಸಿದಾಗ, ಅವನದೂ ಅಲ್ಲ, ತಂದೆತಾಯಿಗಳದೂ ಅಲ್ಲವೆಂದು ಕರ್ತನು ತಿಳಿಸಿದನಲ್ಲವೇ? ಹಾಗಾದರೆ ಆ ತಾಯಿ ತಲೆ ತಗ್ಗಿಸುವದು ಯಾಕೆ?

ಮಾತಿಲ್ಲದ ಮಗುವಿಗೆ ಹೃದಯವಿಲ್ಲವೆಂದು ತಿಳಿಯಬೇಡಿರಿ. ದಾವೀದನ ಕಿನ್ನರಿಯ ನಾದದಿಂದ ಸೌಲನ ಕಳವಳವು ಶಮನವಾಯಿತೆಂದು ಓದುತ್ತೇವೆ. ಇಂಗ್ಲೆಂಡಿನಲ್ಲಿ ಏಡ್ರಿಯನ್ ಹಿಲ್ ಎಂಬ ಚಿತ್ರಗಾರನು ಕ್ಷಯರೋಗದಿಂದ ಮಲಗಿದ್ದಾಗ ಚಿತ್ರ ಬರೆಯುತ್ತಾ ಧೈರ್ಯ ಹೊಂದಿ, ೧೯೪೨ರಲ್ಲಿ ಈ ಉಪಚಾರಕ್ಕೆ ಕಲಾಚಿಕಿತ್ಸೆಯೆಂಬ ಹೆಸರನ್ನು ಕೊಟ್ಟನು. ಬಾಯಿಂದ ಹೇಳಲಾರದ ಭಯವನ್ನೂ ಸಂತೋಷವನ್ನೂ ಮಗುವು ಬಣ್ಣದಿಂದಲೂ ಮಣ್ಣಿನಿಂದಲೂ ತೋರಿಸಬಹುದು. ಅಲ್ಲಿ ಚಿತ್ರದ ಅಂದವನ್ನು ಯಾರೂ ಅಳೆಯುವದಿಲ್ಲ. ತನ್ನ ಕೈಯಿಂದ ಒಂದು ವಸ್ತು ಉಂಟಾಯಿತೆಂಬ ಅರಿವೇ ಮಗುವಿಗೆ ಬಲ. ಮಣ್ಣೆತ್ತಿನ ಅಮಾಸೆಯ ಕಾಲದಲ್ಲಿ ಊರಿನ ಹುಡುಗರು ಕರೀಮಣ್ಣಿನ ಎತ್ತುಗಳನ್ನು ಮಾಡುವಾಗ ಅವರ ಮುಖವನ್ನು ನೀವು ನೋಡಿದ್ದೀರಿ. ಒಳಕೋಣೆಯ ಮಗುವಿಗೂ ಅಂಥ ಒಂದು ಹಿಡಿ ಮಣ್ಣು ಸಿಗಬಾರದೋ? ಬೆಚಲೇಲನ ಕೈಗಳಿಗೆ ಜಾಣತನವನ್ನು ಕೊಟ್ಟ ದೇವರು ಈ ಕೈಗಳನ್ನೂ ಉಂಟುಮಾಡಿದನು.

ಆದರೆ ಮೋಸಹೋಗಬೇಡಿರಿ. ಚಿತ್ರ ಬರೆದದರಿಂದ ಕಿವುಡು ಹೋಗುವದಿಲ್ಲ, ಕಾಲು ನೆಟ್ಟಗಾಗುವದಿಲ್ಲ. ನಾವು ಮಣ್ಣು ಕೊಡುವದು ಸ್ನೇಹವೇ ಹೊರತು ಚಿಕಿತ್ಸೆಯಲ್ಲ. ಚಿಕಿತ್ಸೆಗೆ ಕಲಿತವರು ಬೇಕು. ಮಗುವು ಉಣ್ಣದೆ, ನಿದ್ರಿಸದೆ, ಸದಾ ಅಂಜುತ್ತಿದ್ದರೆ ತಾಯತ ಕಟ್ಟಿಸದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ೨೦೨೨ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ಕ್ರಯವಿಲ್ಲದೆ ಮಾತಾಡಬಹುದು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ೨೧ ವಿಧದ ಊನಗಳನ್ನು ಹೆಸರಿಸಿದೆ. ನೂರಕ್ಕೆ ೪೦ ಅಥವಾ ಹೆಚ್ಚಿನ ಊನವುಳ್ಳ ೬ರಿಂದ ೧೮ ವರುಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕನ್ನು ಕೊಟ್ಟಿದೆ. ಕಾಯಿದೆಯು ಶಾಲೆಯ ಬಾಗಲನ್ನು ತೆರೆದಿರುವಾಗ ಸಭೆಯ ಬಾಗಲು ಮುಚ್ಚಿರಬಹುದೋ?

ಆದದರಿಂದ ಪ್ರಿಯರೇ, ಬರುವ ಭಾನುವಾರ ನಿಮ್ಮ ಮಕ್ಕಳೆಲ್ಲರನ್ನೂ ಕರತನ್ನಿರಿ. ಕೂಗುವ ಮಗುವು ಕೂಗಲಿ. ಯಾರೂ ಹಿಂದಿರುಗಿ ನೋಡಬಾರದು. ಅವರನ್ನು ಮೂಲೆಯಲ್ಲಲ್ಲ, ಮುಂದಿನ ಚಾಪೆಯಲ್ಲಿ ಬೇರೆ ಮಕ್ಕಳ ನಡುವೆ ಕುಳ್ಳಿರಿಸಿರಿ. ನಾವಾದರೋ ಈ ವಾರವೇ ಆ ಮನೆಗೆ ತಿರಿಗಿ ಹೋಗಿ, ಮೊದಲು ಆ ಮಗುವಿನ ಹೆಸರನ್ನು ಕೇಳುವೆವು. ಕರ್ತನು ನಮ್ಮನ್ನು ಕ್ಷಮಿಸಿ ಬಲಪಡಿಸಲಿ. ಆಮೆನ್.