ಕೋರಂ ತುಂಬುವ ಮೊದಲು

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮೂತ್ರದ ಕೊಳವೆಯಿಂದ ಸೋಂಕಾಯಿತು. ಆ್ಯಂಟಿಬಯಾಟಿಕ್‌ಗೆ ಜ್ವರ ಇಳಿಯುವುದು, ಎರಡು ದಿನಕ್ಕೆ ಮತ್ತೆ ಏರುವುದು. "ಕೊಳವೆಯನ್ನೇ ಬದಲಿಸಬೇಕು, ಒಳಗೆ ಪಾಚಿ ಕಟ್ಟಿದ ಹಾಗೆ ಕಟ್ಟಿಕೊಂಡಿರುತ್ತೆ" ಎಂದರು ವೈದ್ಯರು. ಸ್ಯೂಡೋಮೊನಾಸ್ ಏರುಜಿನೋಸಾ ಎಂಬ ಹೆಸರನ್ನು ನಾನು ಮೊದಲು ಓದಿದ್ದು ಅಪ್ಪನ ಲ್ಯಾಬ್ ರಿಪೋರ್ಟಿನಲ್ಲಿ.

ಆ ಪಾಚಿಯಂಥದ್ದೇ ಬಯೋಫಿಲ್ಮ್. ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನೊಳಗೆ ಒತ್ತೊತ್ತಾಗಿ ಕೂತು ಕಟ್ಟಿಕೊಂಡ ಕೇರಿ ಅದು. ಔಷಧಿ ಒಳಗಿನವರೆಗೆ ಸರಿಯಾಗಿ ಇಳಿಯುವುದಿಲ್ಲ. ಇಳಿದರೂ, ಆಳದಲ್ಲಿ ಬೆಳವಣಿಗೆ ನಿಲ್ಲಿಸಿ ಮಂದವಾಗಿರುವ ಜೀವಕೋಶಗಳು ಸುಲಭಕ್ಕೆ ಸಾಯುವುದಿಲ್ಲ.

ಇವುಗಳ ನಡುವೆ ಒಂದು ಬಗೆಯ ಮಾತುಕತೆಯೂ ಇದೆ. ಪ್ರತಿಯೊಂದೂ ಸಣ್ಣ ರಾಸಾಯನಿಕ ಅಣುಗಳನ್ನು ಹೊರಗೆ ಬಿಡುತ್ತಿರುತ್ತದೆ. ಸಂಖ್ಯೆ ಕಡಿಮೆಯಿದ್ದರೆ ಅವು ಚದುರಿಹೋಗುತ್ತವೆ. ಗುಂಪು ದಟ್ಟವಾದಂತೆ ಅಣುಗಳ ಪ್ರಮಾಣ ಏರಿ ಒಂದು ಮಿತಿ ದಾಟುತ್ತದೆ. ಆಗ ಎಲ್ಲವೂ ಒಟ್ಟಿಗೆ ನಡೆ ಬದಲಿಸಿ, ಅಂಗಾಂಶವನ್ನು ಕರಗಿಸುವ ಕಿಣ್ವಗಳನ್ನೂ ವಿಷವನ್ನೂ ಸುರಿಸತೊಡಗುತ್ತವೆ. ಇಂಥ ವರ್ತನೆಯನ್ನು ಮಿನುಗುವ ಸಮುದ್ರ ಬ್ಯಾಕ್ಟೀರಿಯಾಗಳಲ್ಲಿ 1970ರಲ್ಲೇ ಗುರುತಿಸಿದ್ದರು. 1994ರಲ್ಲಿ ಅದಕ್ಕೆ 'ಕೋರಂ ಸೆನ್ಸಿಂಗ್' ಎಂಬ ಹೆಸರು ಬಂತು. ನಮ್ಮ ಪಂಚಾಯಿತಿ ಸಭೆಗಳ ಕೋರಂ ಇದೆಯಲ್ಲ, ಅದೇ. ಅದೇ ಉಪಾಯದಿಂದ ಹವಾಯಿಯ ಪುಟ್ಟ ಸ್ಕ್ವಿಡ್ ಒಂದರ ಒಡಲಲ್ಲಿ ಬೆಳಕು ಹೊತ್ತಿಕೊಳ್ಳುತ್ತದೆ, ನಮ್ಮ ಮೈಯಲ್ಲಿ ಜ್ವರ. ಒಗ್ಗಟ್ಟನ್ನೇ ಒಂದು ಗುಣವೆಂದು ನಂಬಿದ್ದ ನನಗೆ ಇದು ಮೊದಲ ಪೆಟ್ಟು.

ಎರಡನೆಯದು ವಾರ್ಡಿಗೆ ಸಂಬಂಧಿಸಿದ್ದು. ಅಲ್ಲಿ ಒಬ್ಬರು ಅದೇ ಗ್ಲೌಸಿನಲ್ಲಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದುದನ್ನು ನಾನು ಕಂಡಿದ್ದೆ. ರೋಗಿಗಳ ಕಡೆಯವರು ಹತ್ತು ಜನರಾದರೂ ಕಂಡಿದ್ದರು. ಅಪ್ಪನ ಸೋಂಕು ಅದರಿಂದಲೇ ಬಂತೆಂದು ನಾನು ಹೇಳಲಾರೆ. ಆದರೆ ಯಾರೂ ಬಾಯಿ ಬಿಡಲಿಲ್ಲ. 'ನಾನೊಬ್ಬ ಹೇಳಿದರೆ ಏನಾಗುತ್ತೆ, ಸಿಟ್ಟಾಗಿ ಅಪ್ಪನನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ?' ಎಂದುಕೊಂಡು ಸುಮ್ಮನಾದೆ. ಇನ್ನೂ ನಾಲ್ಕು ಜನ ಹೇಳಲಿ, ಆಮೇಲೆ ನೋಡೋಣ ಎಂದು ಕಾದೆ.

ಬ್ಯಾಕ್ಟೀರಿಯಾವೂ ಕಾಯುತ್ತದೆ, ನಿಜ. ಆದರೆ ಅದು ಕಾಯುವುದು ದಾಳಿಗೆ, ಮಾತಿಗಲ್ಲ. ಒಂಟಿಯಾಗಿದ್ದಾಗಲೂ ತನ್ನ ಪಾಲಿನ ಅಣುವನ್ನು ಅಷ್ಟಿಷ್ಟು ಬಿಡುತ್ತಲೇ ಇರುತ್ತದೆ. ಎಲ್ಲವೂ ಉಳಿದವುಗಳಿಗಾಗಿ ಮೌನವಾಗಿದ್ದಿದ್ದರೆ ಆ ಮಿತಿ ಎಂದೂ ದಾಟುತ್ತಿರಲಿಲ್ಲ. ವಾರ್ಡಿನಲ್ಲಿ ನಾವು ಹತ್ತು ಜನರಿದ್ದೆವು. ಕೋರಂ ಇತ್ತು, ಅದು ಯಾರಿಗೂ ತಿಳಿಯಲಿಲ್ಲ, ಅಷ್ಟೆ. ಒಬ್ಬರ ಮೌನವನ್ನು ಇನ್ನೊಬ್ಬರು ಒಪ್ಪಿಗೆ ಎಂದು ಓದಿಕೊಂಡೆವು.

ಕೊಳವೆ ಬದಲಿಸಿದ ಮೇಲೆ ಅಪ್ಪ ಚೇತರಿಸಿಕೊಂಡು ಮನೆಗೆ ಬಂದರು. ಹೊರಡುವ ದಿನವೂ ನಾನು ಹೇಳಲಿಲ್ಲ. ನಾವು ಲಿಫ್ಟಿನ ಕಡೆ ನಡೆಯುವಾಗ ಆ ಹಾಸಿಗೆಗೆ ಹೊಸ ಬೆಡ್‌ಶೀಟ್ ಹಾಸುತ್ತಿದ್ದರು.